ಹಾಳೆಯ ಇನ್ನೊಂದು ಮಗ್ಗುಲು

"ದೀಪಾ, ನಿಮ್ಮ ಚೀಟಿಯಲ್ಲಿ ಸತ್ತವರನ್ನು ಎಲ್ಲಿ ಹಾಕುದು?"

ಫೋನಿನ ಆಚೆ ಜೀಪಿನ ಇಂಜಿನ್ ಗುರುಗುಡುತ್ತಿತ್ತು. ನರ್ಸ್ ಮೋಹಿನಿಯಕ್ಕ ಯಾವಾಗಲೂ ದಾರಿಯಲ್ಲಿರುವಾಗಲೇ ಫೋನು ಮಾಡುವವಳು. ಅವಳ ಮಾತಿನ ನಡುವೆ ಡ್ರೈವರ್ ವಾಸಪ್ಪ ಹಾರ್ನ್ ಹೊಡೆಯುವುದೂ ಯಾರನ್ನೋ ಬೈಯುವುದೂ ಸೇರಿಕೊಂಡಿರುತ್ತದೆ. ಇವತ್ತು ಬೈಗುಳ ಇರಲಿಲ್ಲ. ದೀಪಶ್ರೀ ಒಲೆಯ ಮೇಲಿದ್ದ ಹಾಲನ್ನು ಇಳಿಸಿ, ಏನಾಯಿತೆಂದು ಕೇಳಿದಳು.

"ಎಂತ ಆಗುದು. ಲೋಕನಾಥಣ್ಣ ತೀರಿಹೋಗಿದ್ದಾರೆ. ನಾನು ಮಗಳ ಬಾಣಂತನಕ್ಕೆ ಅಂತ ರಜೆಯಲ್ಲಿದ್ದೆನಲ್ಲ, ನನಗೆ ಗೊತ್ತೇ ಇಲ್ಲ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ್ರೆ ಅವರದ್ದೇ ಹೆಸರು ಮೊದಲು. ಟ್ಯೂಬು, ಗ್ಲೌಸು ಎಲ್ಲ ಹಿಡ್ಕೊಂಡು ಹೋಗಿ ಅಂಗಳದಿಂದಲೇ ಕೂಗಿದೆ. ಎಂತ ಲೋಕನಾಥಣ್ಣ, ಇವತ್ತಾದ್ರೂ ಗಡ್ಡ ತೆಗೆದದ್ದುಂಟಾ ಅಂತ."

ವಾಸಪ್ಪ ಗೇರು ಬದಲಿಸಿದ ಸದ್ದು ಬಂತು.

"ಅವರ ಹೆಂಡತಿ ಅಪ್ಪಿಯಕ್ಕ ಹೊರಗೆ ಬಂದ್ರು. ಚಪ್ಪರದ ಕಂಬ ಇನ್ನೂ ತೆಗೆದಿರ್ಲಿಲ್ಲ."

‘ಚೀಟಿ’ ಎನ್ನುವುದು ದೀಪಶ್ರೀ ಬರೆದ ಪ್ರೋಗ್ರಾಂ. ಹಾಸಿಗೆ ಹಿಡಿದವರ ಮನೆಗೆ ಹೋಗಿ, ಹುಣ್ಣು ತೊಳೆದು, ಟ್ಯೂಬು ಬದಲಿಸಿ, ನೋವಿಗೆ ಔಷಧಿ ಕೊಟ್ಟು ಬರುವ ಪಾಲಿಯೇಟಿವ್ ಘಟಕವೊಂದಕ್ಕೆ ನಾಯ್ಮಾರ್ಮೂಲೆಯ ಪೇಟೆಯಲ್ಲಿ ಅಂಗಡಿ ಸಾಲಿನ ಮೇಲೆ ಒಂದು ಕೋಣೆ ಇತ್ತು. ಅಲ್ಲಿಗೆ ಗಲ್ಫಿನಲ್ಲಿದ್ದ ಯಾರೋ ಒಂದು ಹಳೆಯ ಲ್ಯಾಪ್‌ಟಾಪ್ ದಾನ ಕೊಟ್ಟರು. ಅದರಲ್ಲಿ ಬೆರಳಾಡಿಸಿ ಬಾಣದ ಗುರುತು ಓಡಿಸುವ ಚೌಕ ಸತ್ತುಹೋಗಿತ್ತು. ಮೌಸ್ ಸಿಕ್ಕಿಸಿದರೆ ಅದನ್ನು ಇಡಲು ಜೀಪಿನಲ್ಲಿ ಜಾಗವಿಲ್ಲ, ತೊಡೆಯ ಮೇಲೆ ಇಟ್ಟರೆ ಮೊದಲ ತಿರುವಿನಲ್ಲೇ ಕೆಳಗೆ. ಘಟಕದ ಕಾರ್ಯದರ್ಶಿ ಹರಿನಾಥ ಮಾಸ್ತರರು ಅದನ್ನು ತಂದು ದೀಪಶ್ರೀಯ ಮೇಜಿನ ಮೇಲಿಟ್ಟು, ನೀವು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿದವರಲ್ಲವೇ, ಬರೀ ಕೀಲಿಗಳಿಂದಲೇ ನಡೆಯುವ ಹಾಗೆ ಏನಾದರೂ ಆಗುತ್ತದೆಯೋ ನೋಡಿ ಎಂದಿದ್ದರು. ದೀಪಶ್ರೀಯ ಗಂಡ ಪ್ರಸಾದ ತೀರಿಹೋಗಿ ಆಗ ಒಂದು ಮಳೆಗಾಲ ಕಳೆದಿತ್ತು. ಮಾಸ್ತರರು ಲ್ಯಾಪ್‌ಟಾಪ್ ಬಿಟ್ಟು ಹೋದರು.

ಹಲವು ದಿನ ಅದು ಅಲ್ಲೇ ಇತ್ತು. ಧೂಳು ಒರೆಸುವಾಗ ಎತ್ತಿ, ಒರೆಸಿ, ಅಲ್ಲೇ ಇಡುತ್ತಿದ್ದಳು. ಒಂದು ದಿನ ಒರೆಸುವಾಗ ಬೆರಳಿಗೆ ಎಫ್ ಮತ್ತು ಜೆ ಕೀಲಿಗಳ ಮೇಲಿನ ಪುಟ್ಟ ಉಬ್ಬುಗೆರೆ ತಾಗಿತು. ಕಣ್ಣು ಮುಚ್ಚಿದರೂ ಬೆರಳಿಗೆ ಜಾಗ ಸಿಗಲೆಂದು ಎಲ್ಲ ಕೀಲಿಮಣೆಗಳಲ್ಲೂ ಇರುವ ಗೆರೆ. ಅವಳು ಅಲ್ಲೇ ಕುರ್ಚಿ ಎಳೆದು ಕೂತಳು.

ಪ್ರಸಾದನ ಒಂದು ಮಾತು ಅವಳಿಗೆ ನೆನಪಾಗಿತ್ತು. ದೊಡ್ಡ ಆಸ್ಪತ್ರೆಯಿಂದ ಕಾರಿನಲ್ಲಿ ಹಿಂದಿರುಗುವಾಗ, ತಲಪಾಡಿ ದಾಟಿದ ಮೇಲೆ ಹೇಳಿದ್ದು. "ಆ ಡಾಕ್ಟ್ರಿಗೆ ನಾನು ದಾರಿಯಲ್ಲಿ ಸಿಕ್ಕಿದ್ರೆ ಗುರ್ತ ಸಿಕ್ಕುದಿಲ್ಲ ದೀಪಾ. ಮುಖ ನೋಡಿದ್ರಲ್ವಾ ಗುರ್ತ ಸಿಕ್ಕುದು." ಡಾಕ್ಟರು ಕೆಟ್ಟವರಲ್ಲ. ಆದರೆ ಅವರು ಕೇಳುವ ಪ್ರಶ್ನೆಗಳ ಉತ್ತರ ತುಂಬುವ ಜಾಗಗಳೆಲ್ಲ ಪರದೆಯ ಮೇಲೆ ಅಲ್ಲಲ್ಲಿ ಚದುರಿದ್ದವು. ಬಾಣದ ಗುರುತು ಹಿಡಿದು ಅವುಗಳ ಬೆನ್ನು ಹತ್ತುವುದರಲ್ಲಿ ಅವರ ಕಣ್ಣು ಮುಗಿದುಹೋಗುತ್ತಿತ್ತು. ಅದಕ್ಕೇ ‘ಚೀಟಿ’ಯಲ್ಲಿ ದೀಪಶ್ರೀ ಒಂದೇ ನಿಯಮ ಇಟ್ಟುಕೊಂಡಳು. ಬರೆಯುವವರು ಪರದೆ ನೋಡಬೇಕಾಗಬಾರದು. ಎಸ್ಕೇಪ್ ಒತ್ತಿದರೆ ಅಕ್ಷರದ ಕೀಲಿಗಳೆಲ್ಲ ಪ್ರಶ್ನೆಗಳ ಕೀಲಿಗಳಾಗುತ್ತವೆ. ಹೆಚ್ಚು ಕೇಳುವ ಪ್ರಶ್ನೆ ಹೆಚ್ಚು ಬಲದ ಬೆರಳಿಗೆ. ಬಲಗೈಯ ಉಬ್ಬುಗೆರೆಯ ಮೇಲೆ ನೋವು. ಎಡಗೈಯ ಉಬ್ಬುಗೆರೆಯ ಮೇಲೆ ನಿದ್ದೆ. ಊಟ, ಮಲ, ಉಸಿರು, ಔಷಧಿ ಅಕ್ಕಪಕ್ಕದಲ್ಲಿ. ಕಿರುಬೆರಳಿಗೆ ಮುಂದಿನ ಭೇಟಿಯ ದಿನ. ಬೆಳಿಗ್ಗೆ ಎಂಟರ್ ಒತ್ತಿದರೆ ಅವತ್ತು ಹೋಗಬೇಕಾದ ಮನೆಗಳು ಸಾಲಾಗಿ ಬರುತ್ತವೆ.

ಯಾವ ಕೀಲಿಗೆ ಏನು ಎಂದು ಒಂದು ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿ ಕೊಟ್ಟಿದ್ದಳು. ಮೋಹಿನಿಯಕ್ಕ ಒಂದು ವಾರದಲ್ಲಿ ಅದನ್ನು ಕಿತ್ತು ಹಾಕಿದಳು. ನರ್ಸಿಂಗ್ ಕಲಿಯುವ ಕಾಲದಲ್ಲಿ ಅವಳು ಅಮ್ಮನ ಜತೆ ಕೂತು, ಎಲೆ, ಹೊಗೆಸೊಪ್ಪು ಇಡುವ ಮೊರದಂಥ ಸೂಪು ಹಿಡಿದು ಬೀಡಿ ಕಟ್ಟಿದವಳು. "ಸೂಪು ತೊಡೆಯಲ್ಲಿ, ಮಾತು ಆಚೆಮನೆಯವರಲ್ಲಿ. ಕೈ ನೋಡಿಕೊಂಡು ಯಾರಾದ್ರೂ ಬೀಡಿ ಕಟ್ತಾರಾ ಮಾರಾಯ್ರೆ" ಎಂದು ನಕ್ಕಿದ್ದಳು.

ಇಷ್ಟೆಲ್ಲ ಇದ್ದ ‘ಚೀಟಿ’ಯಲ್ಲಿ, ಒಬ್ಬರು ತೀರಿಕೊಂಡರು ಎಂದು ಹೇಳುವ ಕೀಲಿ ಇರಲಿಲ್ಲ.

ಫೋನು ಇಟ್ಟ ಮೇಲೆ ದೀಪಶ್ರೀ ತನ್ನ ಕಂಪ್ಯೂಟರಿನಲ್ಲಿ ‘ಚೀಟಿ’ ತೆರೆದು ನೋಡಿದಳು. ಇಲ್ಲವೆಂಬುದು ಗೊತ್ತಿದ್ದೂ ಹುಡುಕಿದಳು. ಬದಲಿಗೆ ಬಂದಿದ್ದ ನರ್ಸ್ ಹುಡುಗಿ ಪಾಪ, ಬರೆಯಲು ಬೇರೆ ಜಾಗ ಕಾಣದೆ, ಲೋಕನಾಥರ ಔಷಧಿಯ ಸಾಲಿನಲ್ಲಿ ‘ತೀರಿಕೊಂಡರು’ ಎಂದು ಬರೆದಿದ್ದಳಂತೆ. ಪ್ರೋಗ್ರಾಂ ಅದನ್ನೂ ಒಂದು ಔಷಧಿಯೆಂದೇ ತಿಳಿದು, ಎಂದಿನಂತೆ ಮುಂದಿನ ಭೇಟಿಗೆ ದಿನ ಗೊತ್ತು ಮಾಡಿತ್ತು. ಹಾಗಾದರೆ ಇಷ್ಟು ತಿಂಗಳು ತೀರಿಕೊಂಡ ಉಳಿದವರೆಲ್ಲ ಎಲ್ಲಿ ಹೋದರು? ಅದನ್ನೂ ಮೋಹಿನಿಯಕ್ಕನೇ ಹೇಳಿದ್ದಳು. ಯಾರಾದರೂ ಹೋದರೆ ಅವರ ಮುಂದಿನ ಭೇಟಿಯನ್ನು ಅವಳು ಎಷ್ಟೋ ವರ್ಷ ಮುಂದಕ್ಕೆ ತಳ್ಳಿಬಿಡುತ್ತಿದ್ದಳು. "ಕೀ ಇಲ್ಲ ಅಂತ ನನಗೆ ಮೊದಲ ತಿಂಗಳೇ ಗೊತ್ತಾಗಿತ್ತು. ನಿಮ್ಮ ಹತ್ರ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ."

ದೀಪಶ್ರೀಯ ಕಂಪ್ಯೂಟರಿನ ‘ಚೀಟಿ’ಯಲ್ಲಿ ಒಬ್ಬ ರೋಗಿಯ ಹಾಳೆ ಮಾತ್ರ ಇತ್ತು. ಕೇಶವಪ್ರಸಾದ, ವಿದ್ಯಾನಗರ. ಪ್ರೋಗ್ರಾಂ ಕಟ್ಟುವಾಗ ಪರೀಕ್ಷಿಸಲು ಯಾರದಾದರೂ ಒಂದು ಹೆಸರು ಬೇಕಿತ್ತು. ಅವಳಿಗೆ ಬಾಯಿಪಾಠವಿದ್ದದ್ದು ಅವನದೊಂದೇ. ನೋವು ಎಷ್ಟು, ಗಂಜಿ ಎಷ್ಟು ಚಮಚ, ಯಾವ ಮಾತ್ರೆ ಯಾವ ಹೊತ್ತಿಗೆ. ಹೊಸತೇನು ಸೇರಿಸಿದರೂ ಮೊದಲು ಅವನ ಹಾಳೆಯಲ್ಲಿ ಒತ್ತಿ ನೋಡುತ್ತಿದ್ದಳು. ಹಾಗಾಗಿ ಅವನ ಮುಂದಿನ ಭೇಟಿ ಯಾವಾಗಲೂ ಬರುವ ಗುರುವಾರವೇ ಆಗಿತ್ತು. ಘಟಕದ ಲ್ಯಾಪ್‌ಟಾಪಿಗೆ ಹಾಕುವಾಗ ಆ ಹಾಳೆಯನ್ನು ಬಿಟ್ಟು ಉಳಿದದ್ದನ್ನು ಕೊಡುತ್ತಿದ್ದಳು.

ಮಾರನೆಯ ದಿನ ಹರಿನಾಥ ಮಾಸ್ತರರು ಬರಹೇಳಿದರು. ಮಾಸ್ತರರದು ಏರಿದ ದನಿಯೇ ಅಲ್ಲ. ಕನ್ನಡ ಶಾಲೆಯಲ್ಲಿ ಜೀವಮಾನವಿಡೀ ಗಣಿತ ಕಲಿಸಿದವರು, ಈಗಲೂ ತಪ್ಪು ತೋರಿಸುವಾಗ ಮೊದಲು ಸರಿಯಿದ್ದದ್ದನ್ನು ಹೊಗಳುತ್ತಾರೆ. ‘ಚೀಟಿ’ ಬಂದ ಮೇಲೆ ಪಂಚಾಯತಿಗೆ ಕೊಡುವ ತಿಂಗಳ ರಿಪೋರ್ಟು ಸಲೀಸಾಗಿದೆ, ಮೋಹಿನಿ ಕೋಣೆಗೆ ಬಂದು ಬರೆಯುತ್ತ ಕೂರುವುದು ತಪ್ಪಿದೆ ಎಂದೆಲ್ಲ ಹೇಳಿದರು. ಆಮೇಲೆ ಕಪಾಟಿನಿಂದ ಹಳೆಯ ರಿಜಿಸ್ಟರ್ ತೆಗೆದು ಬಿಡಿಸಿದರು. ಅದರಲ್ಲಿ ತೀರಿಕೊಂಡವರ ಹೆಸರಿನ ಮೇಲೆ ಅಡ್ಡಡ್ಡಲಾಗಿ ಒಂದು ಕೆಂಪು ಗೆರೆ. ಅಡಿಪಟ್ಟಿ ಇಟ್ಟು ಎಳೆದದ್ದು.

"ಇಷ್ಟೇ ಸಾಕು ನೋಡಿ. ಡಿಲೀಟ್ ಅಂತ ಒಂದು ಕೀ ಹೇಗೂ ಇರ್ತದಲ್ಲ" ಎಂದರು. ಲೋಕನಾಥರ ತಮ್ಮನೊಬ್ಬ ಫೋನು ಮಾಡಿ, ಸತ್ತ ಮನೆಯ ಅಂಗಳದಲ್ಲಿ ತಮಾಷೆ ಮಾಡಲು ನರ್ಸನ್ನು ಕಳಿಸುತ್ತೀರಾ ಎಂದು ಕೇಳಿದ್ದನಂತೆ. ತಿಂಗಳ ಕೊನೆಯ ಮೀಟಿಂಗಿನಲ್ಲಿ ಈ ವಿಷಯ ಬಂದೇ ಬರುತ್ತದೆ. ಅಷ್ಟರೊಳಗೆ ಇದು ಸರಿಯಾಗದಿದ್ದರೆ ಹಳೆಯ ರಿಜಿಸ್ಟರಿಗೇ ಹೋಗೋಣ ಎಂದು ಉಳಿದವರು ಹೇಳುತ್ತಾರೆ. ತಾನು ತಡೆಯುವುದು ಕಷ್ಟ.

ದೀಪಶ್ರೀ ಮಾಡಿ ಕೊಡುತ್ತೇನೆ ಎಂದಳು. ಮೆಟ್ಟಿಲಿಳಿಯುವಾಗ ಅವಳಿಗೆ ಮನೆಯ ಮೇಜು ನೆನಪಾಯಿತು. ಬೆಳಿಗ್ಗೆ ಎದ್ದು ಆ ಮೇಜಿನ ಮುಂದೆ ಕೂರಲು ಈಗ ಒಂದು ಕಾರಣವಿತ್ತು. ಅದು ಹೋದರೆ ಮತ್ತೆ ಧೂಳು ಒರೆಸುವುದೊಂದೇ.

ಮಾಡುವುದೇನೂ ಕಷ್ಟದ್ದಲ್ಲ. ಕಾಲೇಜಿನ ಮಕ್ಕಳಿಗೆ ಕೊಟ್ಟರೆ ಊಟದ ಬೆಲ್ಲಿಗೆ ಮೊದಲು ಬರೆದುಕೊಡುತ್ತಾರೆ. ಆದರೆ ಅವಳು ದಿನವೂ ಕೂತಳು, ಎದ್ದಳು. ಸುಮ್ಮನೆ ಒಂದು ಸುಳ್ಳು ಹೆಸರು ಬರೆದು ಅದರ ಮೇಲೆ ಪರೀಕ್ಷಿಸಿದರಾಯಿತು ಎಂದುಕೊಂಡಳು. ಸುಳ್ಳು ಹೆಸರು ಹೊಳೆಯಲಿಲ್ಲ. ಅಡೂರಿನಿಂದ ಅಮ್ಮ ಸತ್ಯವತಿ ಫೋನು ಮಾಡಿ ಊಟವಾಯಿತೇ, ನಿದ್ದೆ ಬರುತ್ತದೆಯೇ ಎಂದು ಕೇಳಿದಾಗ ಎಂದಿನ ಹಾಗೆ ಹೌದು, ಹೌದು ಎಂದಳು. ಪ್ರಸಾದ ಹೋದ ಮೇಲೆ ಅಮ್ಮ ಬಂದು ಅವಳನ್ನು ಅಡೂರಿಗೆ ಕರೆದೊಯ್ದಿದ್ದರು. ಪ್ರಸಾದನನ್ನು ನೋಡಲು ಗುರುವಾರ ಗುರುವಾರ ಬರುತ್ತಿದ್ದ ಮೋಹಿನಿಯಕ್ಕ ಆ ದಿನಗಳಲ್ಲಿ ಒಮ್ಮೆ ವಿದ್ಯಾನಗರದ ಈ ಮನೆಗೆ ಬಂದು ಬೀಗ ನೋಡಿ ಹಿಂದಿರುಗಿದ್ದಳೆಂದು ಕೆಳಗಿನ ಮನೆಯವರು ಹೇಳಿದ್ದರು. ಆಮೇಲೆ ಬಂದಿರಲಿಲ್ಲ. ರಿಜಿಸ್ಟರಿನಲ್ಲಿ ಅಷ್ಟರಲ್ಲಿ ಗೆರೆ ಬಿದ್ದಿರಬೇಕು.

ಮೀಟಿಂಗ್ ಹತ್ತಿರ ಬಂತು. ಮೋಹಿನಿಯಕ್ಕ ಜೀಪಿನಿಂದ ಫೋನು ಮಾಡಿ ಎಲ್ಲಿಗೆ ಬಂತು ಕೆಲಸ ಎಂದಳು. ದೀಪಶ್ರೀ, ಆಗುತ್ತಿಲ್ಲ ಎಂದಳು. ಯಾಕೆ ಎಂದು ಅವಳು ಕೇಳಲಿಲ್ಲ. "ನಾಳೆ ಜೀಪಿನಲ್ಲಿ ಬನ್ನಿ. ನೀವು ಮಾಡಿದ್ದನ್ನು ನಾನು ಹೇಗೆ ಒತ್ತುದು ಅಂತ ನೀವು ಒಂದು ದಿನವೂ ನೋಡಿದವರಲ್ಲ" ಎಂದಳು. ಹಿಂದೆಯೂ ಎಷ್ಟೋ ಸಲ ಕರೆದಿದ್ದಳು. ದೀಪಶ್ರೀ ಪ್ರತಿಸಲ ಏನಾದರೊಂದು ನೆಪ ಹೇಳಿದ್ದಳು. ಹಾಸಿಗೆಯ ಕೋಣೆಯ ಆ ವಾಸನೆ, ಡೆಟ್ಟಾಲು ಮತ್ತು ಬಾಡಿದ ಹೂವಿನ ಹಾಗೆ ಇನ್ನೇನೋ ಸೇರಿದ್ದು, ಅದರ ಎದುರು ಮತ್ತೆ ನಿಲ್ಲುವುದು ತನ್ನಿಂದಾಗದೆಂದು ಅವಳಿಗೆ ಗೊತ್ತಿತ್ತು. ಈ ಸಲ ನೆಪ ಮುಗಿದಿತ್ತು. ಮನೆಯಲ್ಲಿ ಆ ಮೇಜಿನ ಮುಂದೆ ಇನ್ನೊಂದು ದಿನ ಕೂರುವುದಕ್ಕಿಂತ ಜೀಪೇ ಮೇಲೆನಿಸಿತು.

ವಾಸಪ್ಪ ಅವಳಿಗೆ ಮುಂದಿನ ಸೀಟು ಬಿಟ್ಟುಕೊಟ್ಟ. ಅಂದರೆ ಅಲ್ಲಿದ್ದ ಗ್ಲುಕೋಸ್ ಬಾಟ್ಲಿಗಳ ಪೆಟ್ಟಿಗೆಯನ್ನು ಹಿಂದೆ ದಾಟಿಸಿದ. ಮೋಹಿನಿಯಕ್ಕ ಒಂದೊಂದು ಮನೆಗೆ ಇಳಿದು ಹೋದಳು. ಒಳಗೆ ಬರುತ್ತೀರಾ ಎಂದು ಒಂದು ಕಡೆಯೂ ಕರೆಯಲಿಲ್ಲ. ದೀಪಶ್ರೀ ಜೀಪಿನಲ್ಲೇ ಕೂತು, ಕಿಟಕಿಯಾಚೆ ಒಣಹಾಕಿದ ಬಿಳಿ ಬಟ್ಟೆಗಳನ್ನು ನೋಡಿದಳು. ಇಂಜಿನ್ ಸುಮ್ಮನೆ ಓಡುತ್ತಲೇ ಇತ್ತು. ಡೀಸೆಲ್ ದಂಡವಲ್ಲವೇ ಎಂದು ಕೇಳಿದರೆ, ವಾಸಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದ.

"ಬ್ಯಾಟರಿ ಮುದುಕ ಅಮ್ಮಾ. ಒಮ್ಮೆ ಮಲಗಿಸಿದ್ರೆ ಏಳ್ಳಿಕ್ಕೆ ತಕರಾರು. ಅಕ್ಕ ಬೇಗ ಬರುವ ಮನೆಯಾದ್ರೆ ನಾನು ಬಂದ್ ಮಾಡುದಿಲ್ಲ. ಕೂತು ಮಾತಾಡುವ ಮನೆಯಾದ್ರೆ ಮಾತ್ರ ಬಂದ್ ಮಾಡುದು."

"ಅದು ನಿಮಗೆ ಹೇಗೆ ಗೊತ್ತಾಗುದು?"

"ಅವರು ಇಳಿಯುವ ಕ್ರಮದಲ್ಲೇ ಗೊತ್ತಾಗ್ತದೆ."

ಬಿಸಿಲೇರಿದ ಮೇಲೆ ಜೀಪು ಒಂದು ಕೆಂಪು ಮಣ್ಣಿನ ಏರು ಹತ್ತಿ, ಸಿಮೆಂಟಿನ ಅಂಗಳವಿದ್ದ ಒಂದು ಮನೆಯ ಮುಂದೆ ನಿಂತಿತು. ಮೂಲೆಯಲ್ಲಿ ಚಪ್ಪರದ ಬಿದಿರುಗಳನ್ನು ಕಟ್ಟಿ ಒರಗಿಸಿಟ್ಟಿದ್ದರು. ವಾಸಪ್ಪ ಇಂಜಿನ್ ಬಂದ್ ಮಾಡಿದ.

"ಇಲ್ಲಿ ಹಾಸಿಗೆಯಲ್ಲಿ ಯಾರೂ ಇಲ್ಲ ದೀಪಾ. ನೀವು ಇಳಿಯಬಹುದು" ಎಂದಳು ಮೋಹಿನಿಯಕ್ಕ.

ಅದು ಲೋಕನಾಥರ ಮನೆ. ಅವರ ಹೆಂಡತಿ ಅಪ್ಪಿ ಬಾಗಿಲಲ್ಲೇ ನಿಂತಿದ್ದರು, ಬರುತ್ತಾರೆಂದು ಗೊತ್ತಿದ್ದವರ ಹಾಗೆ. ಇಬ್ಬರಿಗೂ ಮಣೆ ಕೊಟ್ಟು, ಬೆಲ್ಲ ನೀರು ತಂದಿಟ್ಟು, ತುಳುವಿನಲ್ಲಿ ಮೋಹಿನಿಯಕ್ಕನ ಮೊಮ್ಮಗುವಿನ ವಿಚಾರ ಕೇಳಿದರು. ಹುಡುಗಿ ಯಾರು ಎಂದು ದೀಪಶ್ರೀಯ ಕಡೆ ನೋಡಿದರು. ಈ ಲ್ಯಾಪ್‌ಟಾಪಿನ ಒಳಗಿನದ್ದನ್ನೆಲ್ಲ ಮಾಡಿದವರು ಇವರೇ ಎಂದಳು ಮೋಹಿನಿಯಕ್ಕ. ದೀಪಶ್ರೀಗೆ ನೆಲ ನೋಡುವ ಹಾಗಾಯಿತು. ತಪ್ಪಾಯಿತೆಂದು ಹೇಳಲು ಬಾಯಿ ತೆರೆದಳು.

ಅಪ್ಪಿ ಅವಳಿಗೆ ತಿಳಿಯಲೆಂದು ಕನ್ನಡಕ್ಕೆ ತಿರುಗಿದರು. "ಅವತ್ತು ಇವರು ಅಂಗಳದಿಂದ ಕೂಗಿದ್ರಲ್ಲ, ಗಡ್ಡ ತೆಗೆದದ್ದುಂಟಾ ಅಂತ. ನಾನು ಎಂತ ಹೇಳಿದ್ದು ಗೊತ್ತುಂಟಾ? ತೆಗೆದದ್ದುಂಟು ಮೋಹಿನೀ, ಕಡೆಗೆ ನಾವೇ ಕ್ಷೌರಿಕನನ್ನು ಕರೆದು ತೆಗೆಸಿದ್ದು ಅಂತ." ಅವರು ನಕ್ಕರು. ನಗು ಮುಗಿಯುವಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಮೈದುನನಿಗೆ ಸಿಟ್ಟು ಬಂತು. ನನಗೆ ಬರ್ಲಿಲ್ಲ. ನಮ್ಮವರು ಹಾಸಿಗೆಯಲ್ಲಿರುವಾಗ ದಿನಕ್ಕೆ ಒಬ್ಬರಾದ್ರೂ ಬಂದು ಹೇಗುಂಟು ಅಂತ ಕೇಳಿ ಹೋಗ್ತಿದ್ರು. ಬೊಜ್ಜ ಕಳೆದ ಮೇಲೆ ಈ ಅಂಗಳದಲ್ಲಿ ಕೇಳಿದ ಮೊದಲ ಸ್ವರ ಅದು. ಇವರನ್ನು ಕೇಳಿಕೊಂಡೇ ಬಂದದ್ದಾದ್ರೂ, ಬಂದದ್ದು ನನ್ನ ಮನೆಗಲ್ವಾ."

ಬೊಜ್ಜ ಎಂದರೆ ಸತ್ತವರ ಉತ್ತರಕ್ರಿಯೆ ಎಂದು ದೀಪಶ್ರೀಗೆ ಗೊತ್ತಿತ್ತು. ಆದರೆ ಅಲ್ಲಿ ನಡೆಯುವುದೇನೆಂದು ಅವಳು ಕಂಡಿರಲಿಲ್ಲ. ಅಪ್ಪಿ ಬೆಲ್ಲದ ತಟ್ಟೆಯನ್ನು ಅವಳ ಕಡೆ ಸರಿಸುತ್ತ ಹೇಳಿದರು. ಅವತ್ತು ಸಂಜೆ ದೀಪ ಹಚ್ಚಿ, ಬಾಗಿಲು ತೆರೆದಿಟ್ಟು, ಹೋದವರನ್ನು ಹೆಸರು ಹಿಡಿದು ಒಳಗೆ ಕರೆಯುವುದು ಅವರ ಕ್ರಮ. ಅವರಿಗೂ ಒಂದು ಎಲೆ ಹಾಕಿ ಬಡಿಸುವುದು.

"ನಮ್ಮಲ್ಲಿ ಹೋದವರನ್ನು ಹೊರಗೆ ಬಿಡುದಿಲ್ಲ. ಕರ್ದು ಒಳಗೆ ತರುದು. ಈಗ ಇವರು ಒಳಗೇ ಇದ್ದಾರೆ" ಎಂದು ಅಪ್ಪಿ ಬಾಗಿಲ ಕಡೆಗೆ ಕೈ ತೋರಿಸಿದರು, ಪೇಟೆಗೆ ಹೋದವರು ಬಂದು ಮಲಗಿದ್ದಾರೆ ಎನ್ನುವಷ್ಟು ಸಲೀಸಾಗಿ. "ಹೊರಗೆ ಉಳಿದದ್ದು ನಾನು."

ಮೋಹಿನಿಯಕ್ಕ ಚೀಲದಿಂದ ಬಿಪಿ ನೋಡುವ ಪಟ್ಟಿ ತೆಗೆದು ಅಪ್ಪಿಯ ತೋಳಿಗೆ ಸುತ್ತಿದಳು. ಬಿಪಿ ಮೇಲಿತ್ತು. ನಿದ್ದೆ ಹೇಗೆ ಎಂದು ಕೇಳಿದಳು. ಮಲಗುತ್ತೇನೆ, ಆದರೆ ಟ್ಯೂಬು ಜಗ್ಗಿತೇ, ಚೀಲ ತುಂಬಿತೇ ಎಂದು ನಡುವೆ ನಡುವೆ ಏಳುವ ಅಭ್ಯಾಸ ಬಿಟ್ಟಿಲ್ಲ, ಎದ್ದರೆ ಕೋಣೆ ಖಾಲಿ ಎಂದರು ಅಪ್ಪಿ. ಊಟ ಒಬ್ಬಳಿಗೆ ಏನು ಬೇಯಿಸುವುದು ಎಂದರು. ಲ್ಯಾಪ್‌ಟಾಪ್ ಮೋಹಿನಿಯಕ್ಕನ ತೊಡೆಯ ಮೇಲೆ ತೆರೆದಿತ್ತು. ಅವಳ ಕಣ್ಣು ಅಪ್ಪಿಯ ಮುಖದಿಂದ ಕದಲಲಿಲ್ಲ. ಬೆರಳುಗಳು ಮಾತ್ರ ಎಡದ ಉಬ್ಬುಗೆರೆಗೆ ಹೋಗಿ, ಪಕ್ಕಕ್ಕೆ ಸರಿದು, ಹಿಂದೆ ಬಂದವು. ತಾನು ಕಟ್ಟಿದ್ದು ಹೀಗೆ ನಡೆಯುತ್ತದೆಂದು ದೀಪಶ್ರೀ ಮೊದಲ ಸಲ ನೋಡಿದ್ದು ಅದು. ಅವಳು ಬಗ್ಗಿ ಪರದೆ ನೋಡಿದಳು.

ಹಾಳೆಯ ಮೇಲಿದ್ದ ಹೆಸರು ಲೋಕನಾಥ. ಅದರ ಕೆಳಗೆ ಅಪ್ಪಿಯ ನಿದ್ದೆ, ಅಪ್ಪಿಯ ಊಟ.

"ಬೇರೆ ಎಲ್ಲಿ ಬರೆಯುದು ನಾನು" ಎಂದಳು ಮೋಹಿನಿಯಕ್ಕ, ಅವಳು ನೋಡಿದ್ದನ್ನು ಗಮನಿಸಿ. "ರಿಜಿಸ್ಟರ್ ಇರುವಾಗಲೂ ಹೀಗೆ ಒಂದೆರಡು ಸಲ ಹೋಗಬೇಕು ಅಂತ ನಮಗೆ ಉಂಟು. ಗೆರೆ ಎಳೆದ ಮೇಲೆ ಯಾರಿಗೆ ನೆನಪಿರ್ತದೆ. ನಿಮ್ಮ ಚೀಟಿ ಮರೆಯದೆ ಕಳಿಸ್ತು ನನ್ನನ್ನು. ನೀವು ಅದನ್ನು ಸರಿ ಮಾಡ್ಲಿಕ್ಕೆ ಹೋಗಿ ಪೂರಾ ಸರಿ ಮಾಡ್ಬೇಡಿ."

ಹಿಂದಿರುಗುವ ದಾರಿಯಲ್ಲಿ ವಾಸಪ್ಪ ಯಾವುದೋ ಸ್ಕೂಟರಿನವನನ್ನು ತುಳುವಿನಲ್ಲಿ ಬೈದು, ಅವಳ ನೆನಪಾಗಿ, ಮಲೆಯಾಳದಲ್ಲಿ ಮೆಲ್ಲಗೆ ಇನ್ನೊಮ್ಮೆ ಬೈದ.

ಮಾರನೆಯ ಬೆಳಿಗ್ಗೆ ಅವಳು ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು ಬರೆಯತೊಡಗಿದಳು. ಹಾಳೆ ಅಳಿಯಬಾರದು. ಗೆರೆಯೂ ಬೀಳಬಾರದು. ಹಾಳೆ ಮಗ್ಗುಲು ತಿರುಗಬೇಕು. ಹೋದವರ ಹೆಸರು, ಅವರ ನೋವು, ನಿದ್ದೆ, ಔಷಧಿ ಎಲ್ಲ ಒಳಬದಿಗೆ ಹೋಗಿ ಹಾಗೆಯೇ ಇರಬೇಕು. ಬೇಕೆಂದಾಗ ತೆರೆದು ನೋಡುವ ಹಾಗೆ. ಮೇಲ್ಬದಿಗೆ, ಅವರನ್ನು ನೋಡಿಕೊಂಡವರ ಹೆಸರು ಬರಬೇಕು. ಆ ಹೆಸರು ‘ಚೀಟಿ’ಯಲ್ಲಿ ಮೊದಲಿಂದಲೂ ಇತ್ತು, ಫೋನ್ ನಂಬರಿನ ಪಕ್ಕ, ಸಣ್ಣ ಅಕ್ಷರದಲ್ಲಿ. ಪ್ರಶ್ನೆಗಳು ಅವೇ, ಕೀಲಿಗಳೂ ಅವೇ. ನಿದ್ದೆ, ನೋವು, ಊಟ. ಟ್ಯೂಬು, ಹುಣ್ಣು ಮಾತ್ರ ಬೇಡ. ಮುಂದಿನ ಭೇಟಿಯ ದಿನ ಖಾಲಿ ಬಿಡುವಂತಿಲ್ಲ.

ಯಾವ ಕೀಲಿ ಎಂಬುದಕ್ಕೆ ಅವಳು ಹೆಚ್ಚು ಹೊತ್ತು ತೆಗೆದುಕೊಂಡಳು. ಜೀಪಿನ ಕುಲುಕಾಟದಲ್ಲಿ ತಪ್ಪಿ ಒತ್ತಿದರೆ ಬದುಕಿರುವವರು ಒಳಬದಿಗೆ ಹೋಗಿಬಿಡುತ್ತಾರೆ. ಆದ್ದರಿಂದ ಒಂದು ಕೀಲಿ ಸಾಲದು. ಕೊನೆಗೆ ಎರಡೂ ಉಬ್ಬುಗೆರೆಗಳನ್ನು ಒಟ್ಟಿಗೆ ಒತ್ತಿ, ಒಂದು ಉಸಿರು ಹಿಡಿದುಕೊಂಡಿರಬೇಕು ಎಂದು ಮಾಡಿದಳು. ಎಡಗೈಯ ನಿದ್ದೆ, ಬಲಗೈಯ ನೋವು. ಎರಡೂ ಕೈ ಬೇಕು. ಆಗ ಕೈಯಲ್ಲಿ ಬೇರೇನೂ ಇರುವಂತಿಲ್ಲ.

ಪರೀಕ್ಷಿಸಲು ಅವಳಲ್ಲಿದ್ದದ್ದು ಒಂದೇ ಹಾಳೆ.

ಕಾಫಿ ಆರಿತ್ತು. ಕೆಳಗಿನ ಮನೆಯಲ್ಲಿ ಯಾರೋ ತೆಂಗಿನಕಾಯಿ ತುರಿಯುವ ಸದ್ದು. ಕೇಶವಪ್ರಸಾದ, ವಿದ್ಯಾನಗರ. ಮುಂದಿನ ಭೇಟಿ, ಗುರುವಾರ. ಅವಳು ತೋರುಬೆರಳುಗಳನ್ನು ಉಬ್ಬುಗೆರೆಗಳ ಮೇಲಿಟ್ಟಳು. ಎಷ್ಟೋ ಹೊತ್ತು ಹಾಗೇ ಇದ್ದಳು. ಒತ್ತಿರಲಿಲ್ಲ, ಇಟ್ಟಿದ್ದಳು ಅಷ್ಟೇ. ಬೆರಳ ತುದಿಗೆ ಆ ಎರಡು ಗೆರೆಗಳು ತಾಗುತ್ತಲೇ ಇದ್ದವು. ಒಳಗೆ ಬಾ, ಎಂದು ಅವಳು ಬಾಯಿಬಿಟ್ಟು ಹೇಳಿದಳೋ, ಹೇಳಿದೆ ಎಂದುಕೊಂಡಳೋ. ಒತ್ತಿದಳು.

ಪರದೆ ಮಿನುಗಲೂ ಇಲ್ಲ. ಅವನ ಹೆಸರಿದ್ದ ಜಾಗದಲ್ಲಿ ಅವಳ ಹೆಸರು ಬಂದಿತ್ತು. ದೀಪಶ್ರೀ, ವಿದ್ಯಾನಗರ. ನಿದ್ದೆಯ ಮುಂದೆ ಖಾಲಿ. ಊಟದ ಮುಂದೆ ಖಾಲಿ. ಮುಂದಿನ ಭೇಟಿ ಗುರುವಾರ ಎಂದೇ ಇತ್ತು. ಅವಳು ಬಾಣದ ಕೀಲಿಯಿಂದ ಒಳಬದಿ ತೆರೆದು ನೋಡಿದಳು. ಗಂಜಿಯ ಚಮಚಗಳು, ಮಾತ್ರೆಗಳು ಎಲ್ಲವೂ ಅಲ್ಲಿದ್ದವು, ಅವನೂ ಇದ್ದ. ಮುಚ್ಚಿದಳು. ಆರಿದ ಕಾಫಿಯನ್ನೇ ಕುಡಿದಳು.

ಮೀಟಿಂಗಿನ ಹಿಂದಿನ ದಿನ ನಾಯ್ಮಾರ್ಮೂಲೆಯ ಕೋಣೆಗೆ ಹೋಗಿ ಲ್ಯಾಪ್‌ಟಾಪಿಗೆ ಹೊಸದನ್ನು ಹಾಕಿದಳು. ಹರಿನಾಥ ಮಾಸ್ತರರು ಪಕ್ಕದಲ್ಲಿ ಕೂತು ನೋಡಿದರು. ಲೋಕನಾಥರ ಹಾಳೆಯನ್ನು ಮೋಹಿನಿಯಕ್ಕನೇ ತಿರುಗಿಸಿದಳು. ಆಮೇಲೆ ಎಷ್ಟೋ ವರ್ಷ ಮುಂದಕ್ಕೆ ತಾನು ತಳ್ಳಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಂದಕ್ಕೆ ಕರೆತಂದು ತಿರುಗಿಸಿದಳು. ಪ್ರತಿಯೊಂದು ಸಲವೂ ಮೇಲೆ ಒಂದು ಹೊಸ ಹೆಸರು ಬಂತು. ಹೆಂಡತಿ, ಮಗ, ಸೊಸೆ, ಒಂದು ಕಡೆ ಆಚೆಮನೆಯವರು.

"ಒಂದೇ ಕೈಯಲ್ಲಿ ಆಗುದಿಲ್ವಾ ಇದು?" ಎಂದು ಮಾಸ್ತರರು ಕೇಳಿದರು.

"ಇಲ್ಲ ಮಾಸ್ತ್ರೇ. ಆಗುದಿಲ್ಲ" ಎಂದಳು ದೀಪಶ್ರೀ.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಹೊಸ ಮನೆಗಳಿಗೆಲ್ಲ ಹೋಗಲು ಡೀಸೆಲ್ ಹೆಚ್ಚು ಬೇಕಾದೀತು ಎಂದರು. ಆಮೇಲೆ, ರಿಪೋರ್ಟಿನಲ್ಲಿ ಇದಕ್ಕೊಂದು ಹೊಸ ಕಾಲಂ ಮಾಡಬೇಕು, ಮೀಟಿಂಗಿನಲ್ಲಿ ತಾನೇ ಹೇಳುತ್ತೇನೆ ಎಂದರು. ಹಳೆಯ ರಿಜಿಸ್ಟರನ್ನು ಎತ್ತಿ ಕಪಾಟಿನೊಳಗಿಟ್ಟರು.

ಪ್ರೋಗ್ರಾಂ ಹಾಕುವಾಗ ತನ್ನ ಒಂದು ಹಾಳೆಯನ್ನು ಪ್ರತಿ ಸಲದಂತೆ ತೆಗೆದಿರಿಸಲಿಲ್ಲವೆಂದು ದೀಪಶ್ರೀ ಯಾರಿಗೂ ಹೇಳಲಿಲ್ಲ. ಮರೆತದ್ದಲ್ಲ. ಬಸ್ಸಿನಲ್ಲಿ ವಿದ್ಯಾನಗರಕ್ಕೆ ಬರುವಾಗ, ಫೋನು ಮಾಡಿ ಅದನ್ನು ಅಳಿಸಿಬಿಡಿ ಎನ್ನಲೇ ಎಂದು ಯೋಚಿಸಿದಳು. ಫೋನು ಕೈಯಲ್ಲಿ ಹಿಡಿದುಕೊಂಡೇ ಸ್ಟಾಪಿನಲ್ಲಿ ಇಳಿದಳು.

ಗುರುವಾರ ಅವಳು ಬೆಳಿಗ್ಗೆಯೇ ಮನೆ ಗುಡಿಸಿದಳು. ಬರುತ್ತಾರೆಂದೇನೂ ಅಲ್ಲ. ಕಲೆಕ್ಟರೇಟಿನ ಕಡೆಯಿಂದ ಬಂದ ಜೀಪೊಂದು ಕೆಳಗೆ ನಿಂತಾಗ, ಕಿಟಕಿಯ ಹತ್ತಿರ ಹೋಗದೆ ಅಡುಗೆಮನೆಯಲ್ಲೇ ಇದ್ದಳು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಬಂತು. ಬಾಗಿಲು ತೆರೆದೇ ಇತ್ತು.

ಮೋಹಿನಿಯಕ್ಕ ಒಳಗೆ ಬಂದಳು. ಪ್ರಸಾದ ಒರಗಿ ಕೂರುತ್ತಿದ್ದ ಕುರ್ಚಿಯನ್ನು ಬಿಟ್ಟು, ಅದರ ಎದುರಿನ ಸ್ಟೂಲಿನಲ್ಲಿ, ಆಗ ತಾನು ಯಾವಾಗಲೂ ಕೂರುತ್ತಿದ್ದಲ್ಲಿ ಕೂತಳು. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಬಿಡಿಸಿಕೊಂಡಳು. ದೀಪಶ್ರೀಗೆ ಕೂರಲು ಉಳಿದದ್ದು ಆ ಕುರ್ಚಿ. ಅವಳು ಕೂತಳು. ಮೊಮ್ಮಗುವಿಗೆ ಹೆಸರಿಟ್ಟಾಯಿತೇ ಎಂದು ಕೇಳಿದಳು. ಹೆಸರಿನ ಜಗಳ ಇನ್ನೂ ಮುಗಿದಿಲ್ಲ, ಬೀಗರಿಗೆ ಒಂದು, ಮಗಳಿಗೆ ಒಂದು, ಅಲ್ಲಿಯವರೆಗೆ ತಾನು ಪುಟ್ಟ ಎಂದೇ ಕರೆಯುವುದು ಎಂದಳು ಮೋಹಿನಿಯಕ್ಕ. ಆಮೇಲೆ ಎಸ್ಕೇಪ್ ಒತ್ತಿದ ಸದ್ದು ಬಂತು.

"ನಿದ್ದೆ ಉಂಟಾ ದೀಪಾ?"

ಉಂಟು ಎಂಬ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಅಮ್ಮನಿಗೆ, ಕೆಳಗಿನ ಮನೆಯವರಿಗೆ, ಮಾಸ್ತರರಿಗೆ ಹೇಳಿ ಹೇಳಿ ಸವೆದದ್ದು. ದೀಪಶ್ರೀ ತಲೆಯೆತ್ತಿದಳು. ಮೋಹಿನಿಯಕ್ಕನ ಎಡಗೈಯ ತೋರುಬೆರಳು ಉಬ್ಬುಗೆರೆಯ ಮೇಲೆ ಕಾಯುತ್ತಿತ್ತು. ಕಣ್ಣು ಪರದೆಯಲ್ಲಿರಲಿಲ್ಲ.

"ಇಲ್ಲ" ಎಂದಳು.

ಕೀಲಿ ಒಂದು ಸಲ ಸದ್ದು ಮಾಡಿತು. ಮೋಹಿನಿಯಕ್ಕ ಕೆಳಗೆ ನೋಡಲಿಲ್ಲ, ಮುಂದಿನ ಪ್ರಶ್ನೆಯನ್ನೂ ಕೇಳಲಿಲ್ಲ. ಕೆಳಗೆ ರಸ್ತೆಯಲ್ಲಿ ವಾಸಪ್ಪ ಜೀಪನ್ನು ನೆರಳಿಗೆ ಸರಿಸಿ, ಇಂಜಿನ್ ಬಂದ್ ಮಾಡಿದ.